ಪದಕದ ಅಂಚಿನಲ್ಲಿ ಒಂದು ಹೆಸರು

ತೊಕ್ಕೊಟ್ಟಿನ ಕೂಡುರಸ್ತೆಯಿಂದ ಪಶ್ಚಿಮಕ್ಕೆ ತಿರುಗಿದರೆ ಉಳ್ಳಾಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ತಲೆಬಾಗಲೊಲ್ಲೆನೆಂದು ಕತ್ತಿ ಹಿರಿದ ರಾಣಿ ಅಬ್ಬಕ್ಕನ ಊರು. ಅಲ್ಲಿಂದಲೇ ಉತ್ತರಕ್ಕೆ ಹೊರಡುವ ಹೆದ್ದಾರಿಯು ನೇತ್ರಾವತಿಯನ್ನು ದಾಟಿ, ಕಡಲ ತಡಿಯನ್ನು ಹಿಡಿದು, 250 ಕಿಲೋಮೀಟರಿಗೂ ಮಿಕ್ಕ ದೂರ ಸಾಗಿ ಕಾರವಾರವನ್ನು ಮುಟ್ಟುತ್ತದೆ. ಅಬ್ಬಕ್ಕನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಅದೇ ವೈರಿಯೊಡನೆ ಕಾರವಾರದ ಎದುರಿನ ಕಡಲಿನಲ್ಲಿ ನಡೆದ ಕೊನೆಯ ಕಾಳಗವನ್ನು ಬಲ್ಲವರು ಎಷ್ಟು ಮಂದಿ?

ಅದಕ್ಕೊಂದು ಸಾಕ್ಷಿಯುಂಟು. ಬೆಳ್ಳಿಯಂತೆ ಹೊಳೆಯುವ, ಆದರೆ ಬೆಳ್ಳಿಯಲ್ಲದ, ದುಂಡನೆಯ ಒಂದು ಪದಕ. ಒಂದು ಮುಖದಲ್ಲಿ ನೆಟ್ಟಗೆ ನಿಂತ ಕತ್ತಿ, ಇನ್ನೊಂದರಲ್ಲಿ ತಾವರೆ. ಹಸುರು ಗೆರೆಗಳ ಕೆಂಪು ಪಟ್ಟಿ. ‘ಜನರಲ್ ಸರ್ವಿಸ್ ಮೆಡಲ್ 1947’ ಎಂದು ಅದರ ಹೆಸರು. ‘ಗೋವಾ 1961’ ಎಂಬ ಸಣ್ಣ ಅಡ್ಡಪಟ್ಟಿ ಅದರ ಮೇಲಿದ್ದರೆ, ಅದನ್ನು ಧರಿಸಿದವನು ಗೋವೆಯ ವಿಮೋಚನೆಗೆ ಹೋದವನೆಂದು ತಿಳಿಯಬೇಕು. ಇದು ಪರಾಕ್ರಮಕ್ಕೆಂದು ಆರಿಸಿ ಕೊಟ್ಟುದಲ್ಲ. ಆಜ್ಞೆಯಿತ್ತ ಕಪ್ತಾನನಿಗೂ, ಒಲೆಯ ಮುಂದೆ ಬೆವರು ಸುರಿಸಿದ ಅಡುಗೆಯವನಿಗೂ ಒಂದೇ ಪದಕ.

ಗೋವೆಯನ್ನು ಬಿಡಿಸಿದ್ದು ಒಂದೂವರೆ ದಿನದ ಸುಲಭದ ಕೆಲಸವೆಂದು ನಾವು ಹೇಳಿಕೊಳ್ಳುವುದುಂಟು. ಅಂಜದೀವ ದ್ವೀಪವು ಬೇರೆಯದನ್ನೇ ಹೇಳುತ್ತದೆ. ವಾಸ್ಕೋ ಡ ಗಾಮನು 1498ರಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ ನೆಲವದು. 1961ರ ನವೆಂಬರಿನಲ್ಲಿ, ಪಕ್ಕದಲ್ಲಿ ಸಾಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಲ್ಲಿಂದ ಗುಂಡು ಹಾರಿತು. ಡಿಸೆಂಬರ್ 18ರಂದು ನಮ್ಮ ‘ಮೈಸೂರು’ ಮತ್ತು ‘ತ್ರಿಶೂಲ’ ಯುದ್ಧನೌಕೆಗಳು ದ್ವೀಪದೆದುರು ನಿಂತವು. ಗಂಡಭೇರುಂಡವನ್ನೇ ಲಾಂಛನವಾಗಿ ಧರಿಸಿದ್ದ ‘ಮೈಸೂರು’ ಹೆಸರಿನಿಂದಲೂ ನಮ್ಮದೇ.

ದೋಣಿಯಿಳಿದು ದಡವೇರಿದವರು ಭೂಸೈನಿಕರಲ್ಲ, ನಾವಿಕರು. ಬಂಡೆಗಳ ಮರೆಯಿಂದ ಬಂದ ಗುಂಡಿಗೆ ಅವರಲ್ಲಿ 7 ಮಂದಿ ಪ್ರಾಣ ತೆತ್ತರು, 19 ಮಂದಿ ಗಾಯಗೊಂಡರು. ಮರುದಿನ ದ್ವೀಪ ನಮ್ಮದಾಯಿತು. ಇಡೀ ಗೋವಾ ಕಾರ್ಯಾಚರಣೆಯಲ್ಲಿ ಮಡಿದ ಭಾರತೀಯ ಯೋಧರು 22 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಈ ಅಂಗೈಯಗಲದ ನೆಲದಲ್ಲಿಯೇ ಬಿದ್ದಿತು.

ಅವರ ಸ್ಮಾರಕವು ದ್ವೀಪದ ಮೇಲಿದೆ. ಆದರೆ ಅಂಜದೀವವು ಈಗ ಕಾರವಾರದ ನೌಕಾನೆಲೆಗೆ ಸೇರಿದ್ದು. ಹೂವಿಡಬೇಕೆಂದು ನಾವು ನೀವು ಸುಲಭವಾಗಿ ಹೋಗುವಂತಿಲ್ಲ. ಹಾಗಾದರೆ ನಮ್ಮ ಪಾಲಿನ ಕೆಲಸವೇನು?

ಅದು ಮನೆಯಲ್ಲಿಯೇ ಇದ್ದೀತು. ಸೇನಾಪದಕದ ಅಂಚನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿದರೆ ಸಣ್ಣ ಅಕ್ಷರಗಳು ಕಾಣುತ್ತವೆ: ಸೇವಾಸಂಖ್ಯೆ, ದರ್ಜೆ, ಹೆಸರು. ಕತ್ತಿಯೂ ತಾವರೆಯೂ ಸಾವಿರಾರು ಪದಕಗಳಲ್ಲಿ ಒಂದೇ. ಆ ಅಂಚಿನ ಹೆಸರು ಮಾತ್ರ ಒಬ್ಬನದು. ಅಜ್ಜ ತೀರಿಕೊಂಡ ಮೇಲೆ ಪೆಟ್ಟಿಗೆಯನ್ನು ತೆರವು ಮಾಡುವಾಗ, ಹಿತ್ತಾಳೆಯ ಚೂರುಗಳೊಡನೆ ಗುಜರಿಗೆ ಹೋಗುವುದು ಆ ಹೆಸರೇ. ಲೋಹಕ್ಕೆ ಸಿಕ್ಕುವ ಬೆಲೆ ಅತ್ಯಲ್ಪ. ಕಳೆದುಹೋದ ಹೆಸರನ್ನು ಮರಳಿ ಕೊಳ್ಳುವ ಅಂಗಡಿ ಎಲ್ಲಿಯೂ ಇಲ್ಲ.

ವಾಚಕರೇ, ನಿಮ್ಮ ಮನೆಯ ಪೆಟ್ಟಿಗೆಯ ತಳದಲ್ಲಿ ಅಂಥದೊಂದು ಪದಕವಿದ್ದರೆ ಇಂದೇ ಹೊರತೆಗೆಯಿರಿ. ಮೊಮ್ಮಗುವನ್ನು ಹತ್ತಿರ ಕೂರಿಸಿಕೊಂಡು, ಅಂಚಿನಲ್ಲಿರುವುದನ್ನು ಅದರಿಂದಲೇ ಗಟ್ಟಿಯಾಗಿ ಓದಿಸಿರಿ.