ಸಂಕೋಚಕ್ಕೆ ತೆರುವ ಬೆಲೆ

ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಸಿಹಿಮೂತ್ರ, ಹೃದಯಾಘಾತಗಳ ಕುರಿತು ಬರೆಯಲು ಯಾರೂ ಹಿಂಜರಿಯುವುದಿಲ್ಲ. ಅವು ಮರ್ಯಾದಸ್ಥರ ಕಾಯಿಲೆಗಳು. ಊಟದ ಪಂಕ್ತಿಯಲ್ಲಿ ಕುಳಿತೂ ಮಾತನಾಡಬಹುದಾದವು. ತೊಡೆಸಂದಿಯ ಮತ್ತು ಜನನೇಂದ್ರಿಯದ ಸುತ್ತಲಿನ ಚರ್ಮದ ತುರಿಕೆಗೆ ಆ ಭಾಗ್ಯವಿಲ್ಲ. ಆದರೆ ಬೆವರಿನ ಈ ಮಹಾನಗರಗಳಲ್ಲಿ ಅದರಿಂದ ಬಳಲುವವರು ಕಡಮೆಯೇನಲ್ಲ. ಬಳಲುವುದಕ್ಕಿಂತ ಹೆಚ್ಚಾಗಿ ಅವರು ಬಚ್ಚಿಡುತ್ತಾರೆ. ಬಚ್ಚಿಟ್ಟುದರ ಫಲವಾಗಿ ಮೂರು ವಾರಗಳಲ್ಲಿ ಮುಗಿಯಬೇಕಾದ ತೊಂದರೆ ಮೂರು ವರ್ಷಗಳ ಸಂಕಟವಾಗುತ್ತದೆ.

ಮುಂಬಯಿಯ ಒಂದು ಉಡುಪಿ ಹೋಟೆಲಿನ ಅಡುಗೆಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬೆಳಗಿನ ಐದು ಗಂಟೆಗೆ ಒಲೆಯ ಮುಂದೆ ನಿಂತ ತರುಣ ಮಧ್ಯಾಹ್ನದವರೆಗೂ ಅದೇ ಒದ್ದೆ ಬಟ್ಟೆಯಲ್ಲಿರುತ್ತಾನೆ. ರಾತ್ರಿ ಹತ್ತು ಮಂದಿಯ ಜತೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ. ಒಗೆದ ಬಟ್ಟೆ ಮಳೆಗಾಲದಲ್ಲಿ ಒಣಗುವುದಿಲ್ಲ. ಅರೆಯೊದ್ದೆಯಾಗಿಯೇ ಮತ್ತೆ ಮೈಗೇರುತ್ತದೆ. ಪಂಚೆ, ಟವೆಲುಗಳು ಯಾರ ಕೈಗೆ ಸಿಕ್ಕಿದರೆ ಅವರದು. ಶಿಲೀಂಧ್ರಕ್ಕೆ ಇದಕ್ಕಿಂತ ಪ್ರಶಸ್ತವಾದ ಹೊಲ ಇನ್ನೊಂದಿಲ್ಲ. ತೊಡೆಸಂದಿಯಲ್ಲಿ ಕೆಂಪು ಅಂಚಿನ ಚಕ್ರವೊಂದು ಮೂಡಿ, ನಡುವೆ ತಿಳಿಯಾಗುತ್ತ, ಹೊರಕ್ಕೆ ಹಬ್ಬುತ್ತದೆ. ಊರಿನಲ್ಲಿ ಇದನ್ನೇ ಹುಳುಕಡ್ಡಿ ಅಥವಾ ಗಜಕರ್ಣ ಎನ್ನುತ್ತಾರೆ. ಗಿರಣಿ, ಕಚೇರಿ, ಲೋಕಲ್ ರೈಲುಗಳ ನೂಕುನುಗ್ಗಲಿನಲ್ಲಿ ದಿನ ಕಳೆಯುವ ಇತರರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ತರುಣನ ಮನಸ್ಸಿನಲ್ಲಿ ಮೊದಲು ಏಳುವುದು ತುರಿಕೆಯ ಚಿಂತೆಯಲ್ಲ, ಭಯ. ರೈಲು ನಿಲ್ದಾಣದ ಗೋಡೆಗಳಲ್ಲಿ ‘ಗುಪ್ತರೋಗ’ವೆಂಬ ಭಿತ್ತಿಪತ್ರಗಳನ್ನು ಅವನು ಓದಿದ್ದಾನೆ. ಆ ಜಾಗದಲ್ಲಿ ಏನಾದರೂ ಆದರೆ ಅದು ಕೆಟ್ಟ ನಡತೆಯ ಫಲವೆಂದೇ ಲೋಕ ಬಗೆಯುವುದೆಂದು ಅವನ ಎಣಿಕೆ. ನಿಜಾಂಶ ಹೀಗಿದೆ: ಆ ಭಾಗದ ತುರಿಕೆಗಳಲ್ಲಿ ಬಹುಪಾಲು ಲೈಂಗಿಕ ರೋಗಗಳಲ್ಲ. ಗಜಕರ್ಣವು ಚರ್ಮದ ಸಂಪರ್ಕದಿಂದಲೂ ಬಟ್ಟೆಯಿಂದಲೂ ಹರಡುತ್ತದೆ. ದಂಪತಿಗಳಲ್ಲಿ ಒಬ್ಬರಿಂದೊಬ್ಬರಿಗೆ ಬರಬಹುದು. ಆದರೆ ಅದು ಯಾರ ಚಾರಿತ್ರ್ಯಕ್ಕೂ ಸಾಕ್ಷಿಯಲ್ಲ. ರಾತ್ರಿ ಹೆಚ್ಚುವ, ಬೆರಳ ಸಂದಿಗಳಲ್ಲಿಯೂ ಕಾಣುವ, ಮನೆಮಂದಿಗೆಲ್ಲ ಹಬ್ಬುವ ತುರಿಕೆ ಕಜ್ಜಿಯಿರಬಹುದು. ಒಂದೇ ವೇಳೆಗೆ ಎಲ್ಲರೂ ಔಷಧ ಹಚ್ಚಿಕೊಳ್ಳದೆ ಅದು ಹೋಗದು. ಸಿಹಿಮೂತ್ರವುಳ್ಳ ಗಂಡಸರ ಮುಂದೊಗಲಿನಡಿಯಲ್ಲಿ, ಹೆಂಗಸರ ಜನನೇಂದ್ರಿಯದಲ್ಲಿ ಕ್ಯಾಂಡಿಡಾ ಎಂಬ ಬೇರೊಂದು ಶಿಲೀಂಧ್ರ ಬೆಳೆಯುತ್ತದೆ. ಎಷ್ಟೋ ಸಲ ಈ ತುರಿಕೆಯೇ ಸಿಹಿಮೂತ್ರದ ಮೊದಲ ಸುಳಿವು. ಇನ್ನು ಕೆಲವರಲ್ಲಿ ಸೋಂಕೇ ಇರುವುದಿಲ್ಲ. ಕೆರೆದಷ್ಟೂ ಚರ್ಮ ದಪ್ಪಗಾಗಿ, ದಪ್ಪಗಾದಷ್ಟೂ ತುರಿಕೆ ಹೆಚ್ಚುವ ವಿಷವರ್ತುಲವೊಂದೇ ಇರುತ್ತದೆ. ಅಥವಾ ಭಯದಿಂದ ದಿನಕ್ಕೆ ನಾಲ್ಕು ಬಾರಿ ಸಾಬೂನು, ಕ್ರಿಮಿನಾಶಕ ದ್ರಾವಣಗಳಿಂದ ತೊಳೆದು ತೊಳೆದು ಚರ್ಮವನ್ನು ತಾವೇ ಸುಟ್ಟುಕೊಂಡಿರುತ್ತಾರೆ.

ಭಯಗೊಂಡವನು ವೈದ್ಯರ ಬಳಿಗೆ ಹೋಗದೆ ಔಷಧದಂಗಡಿಗೆ ಹೋಗುತ್ತಾನೆ. ಅಲ್ಲಿ ಪ್ರಶ್ನೆಗಳಿಲ್ಲ, ಬಟ್ಟೆ ಸರಿಸಬೇಕಾಗಿಲ್ಲ. ‘ತುರಿಕೆಗೆ ಮುಲಾಮು’ ಎಂದರೆ ಸಾಕು, ಸಣ್ಣ ಟ್ಯೂಬೊಂದು ಕೈಗೆ ಬರುತ್ತದೆ. ಶಿಲೀಂಧ್ರನಾಶಕ, ಪ್ರತಿಜೈವಿಕ, ಪ್ರಬಲ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಲೇಪನವದು. ಎರಡೇ ದಿನಗಳಲ್ಲಿ ತುರಿಕೆ ಅಡಗುತ್ತದೆ. ಕೊಂಡವನು ಅಂಗಡಿಯವನನ್ನು ಹರಸುತ್ತಾನೆ. ಅಡಗಿದ್ದು ರೋಗವಲ್ಲ, ರೋಗದೊಡನೆ ಹೋರಾಡುತ್ತಿದ್ದ ದೇಹದ ಪ್ರತಿಭಟನೆ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನಿಗೆ ನಿರಾತಂಕ. ಲೇಪನ ನಿಲ್ಲಿಸಿದೊಡನೆ ತುರಿಕೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಮತ್ತೆ ಟ್ಯೂಬು, ಮತ್ತೆ ಶಮನ. ತಿಂಗಳುಗಳು ಕಳೆದಂತೆ ತೊಡೆಸಂದಿಯ ತೆಳು ಚರ್ಮ ಇನ್ನಷ್ಟು ತೆಳುವಾಗಿ ಬಿರಿಯುತ್ತದೆ; ಆ ಬಿರುಕಿನ ಗೆರೆಗಳು ಜೀವಮಾನವಿಡೀ ಉಳಿಯುತ್ತವೆ. ಸ್ಟೀರಾಯ್ಡಿನ ಮರೆಯಲ್ಲಿ ವೇಷ ಬದಲಿಸುವ ಈ ಗಜಕರ್ಣವನ್ನು ಬ್ರಿಟಿಷ್ ವೈದ್ಯರು 1968ರಲ್ಲಿಯೇ ವರ್ಣಿಸಿದ್ದರು.

ಇದರ ಪರಿಣಾಮ ಒಬ್ಬನ ಮೈಗೆ ಸೀಮಿತವಾಗಿ ಉಳಿದಿಲ್ಲ. ಕಳೆದ ದಶಕದಿಂದ ಭಾರತದಲ್ಲಿ ಗಜಕರ್ಣವು ಮೊದಲಿನಂತೆ ಔಷಧಕ್ಕೆ ಬಗ್ಗುತ್ತಿಲ್ಲ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಅನೇಕ ವೇಳೆ ಸೊಪ್ಪು ಹಾಕದ ಶಿಲೀಂಧ್ರವೊಂದಕ್ಕೆ 2020ರಲ್ಲಿ ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂಬ ನಾಮಕರಣವೂ ಆಯಿತು. ದೇಶದ ಹೆಸರು ಇಂಥದೊಂದಕ್ಕೆ ಅಂಟಿಕೊಂಡುದು ಹೆಮ್ಮೆಯ ವಿಷಯವಲ್ಲ. ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಆದರೆ ಕೊಳ್ಳುವವನ ಸಂಕೋಚ, ಮಾರುವವನ ಲಾಭ ಒಂದಾದ ಕಡೆ ನಿಯಮದ ಬಲ ಎಷ್ಟು?

ಮನೆ ಬಿಟ್ಟು ಬಂದ ಕನ್ನಡಿಗನಿಗೆ ಸಂಕೋಚದ ಮೇಲೆ ಭಾಷೆಯ ತೊಡಕೂ ಇದೆ. ತಾಯ್ನುಡಿಯಲ್ಲಿಯೇ ಬಾಯಿಗೆ ಬಾರದ ಮಾತು ಪರನುಡಿಯಲ್ಲಿ ಹೇಗೆ ಬಂದೀತು? ಆದರೆ ತಿಳಿದಿರಬೇಕಾದ ಶಬ್ದ ಒಂದೇ: ಮರಾಠಿಯಲ್ಲಿ ಗಜಕರ್ಣ, ಹಿಂದಿಯಲ್ಲಿ ದಾದ್, ತೆಲುಗಿನಲ್ಲಿ ತಾಮರ, ತಮಿಳಿನಲ್ಲಿ ಪಡರ್‌ತಾಮರೈ. ಉಳಿದುದನ್ನು ವೈದ್ಯರು ನೋಡಿ ಅರಿಯುತ್ತಾರೆ. ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸುಲಭ ಪರೀಕ್ಷೆಯಿಂದ ಶಿಲೀಂಧ್ರ ಇದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಹಚ್ಚಿದ ಲೇಪನಗಳ ಹೆಸರನ್ನು ಮುಚ್ಚಿಡದೆ ಹೇಳಬೇಕು; ಖಾಲಿ ಟ್ಯೂಬನ್ನೇ ಒಯ್ದರೆ ಇನ್ನೂ ಲೇಸು. ಔಷಧವನ್ನು ತುರಿಕೆ ನಿಂತ ದಿನ ಬಿಡದೆ, ಹೇಳಿದಷ್ಟು ವಾರಗಳೂ ಮುಂದುವರಿಸಬೇಕು. ಮನೆಯಲ್ಲಿ, ಕೋಣೆಯಲ್ಲಿ ಇನ್ನಾರಿಗಾದರೂ ಇದ್ದರೆ ಅವರಿಗೂ ಚಿಕಿತ್ಸೆಯಾಗಬೇಕು. ಟವೆಲು ಪ್ರತ್ಯೇಕವಿರಬೇಕು, ಸಡಿಲವಾದ ಹತ್ತಿಯ ಒಳಉಡುಪನ್ನು ದಿನವೂ ಬದಲಿಸಬೇಕು, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬಿಸಿಲಿಲ್ಲದ ದಿನ ಇಸ್ತ್ರಿಯಾದರೂ ಆಗಲಿ.

ಹಾಗೆಂದು ಎಲ್ಲವನ್ನೂ ಹುಳುಕಡ್ಡಿಯೆಂದು ತಳ್ಳಿಹಾಕುವುದೂ ತಪ್ಪು. ಹುಣ್ಣು, ನೀರುಗುಳ್ಳೆ, ಕೀವು, ಅಸಹಜ ಸ್ರಾವ, ಗಂಟು, ವಾಸಿಯಾಗದ ಬಿಳಿಯ ಮಚ್ಚೆ ಇವು ಕಂಡರೆ ತಡಮಾಡಬಾರದು. ಸಿಫಿಲಿಸ್ಸಿನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನೇ ಮಾಯುತ್ತದೆ. ಮಾಯಿತೆಂದು ರೋಗ ಹೋಗಿರುವುದಿಲ್ಲ. ಸೋಂಕಿನ ಶಂಕೆಗೆ ನಿಜವಾದ ಕಾರಣವಿದ್ದವರು ಶಂಕೆಯೊಡನೆ ಸಂಸಾರ ಮಾಡದೆ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು. ಸರಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಚಿಕಿತ್ಸಾಲಯಗಳಲ್ಲಿ ಲೈಂಗಿಕ ರೋಗಗಳಿಗೆ, ಆಪ್ತಸಲಹಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಗೆ ಹಣ ತೆರಬೇಕಾಗಿಲ್ಲ. 1097 ಎಂಬ ಸಹಾಯವಾಣಿಯೂ ಇದೆ. ಎಚ್‌ಐವಿ ಪರೀಕ್ಷೆಯ ಫಲಿತಾಂಶದ ಗೋಪ್ಯತೆಯನ್ನು 2017ರ ಕಾನೂನು ಕಾಪಾಡುತ್ತದೆ. ಪರೀಕ್ಷೆ ಸೋಂಕಿಲ್ಲವೆಂದ ಮೇಲೂ ಪ್ರತಿದಿನ ಕನ್ನಡಿ ಹಿಡಿದು ಹುಡುಕುವವರಿಗೆ ಬೇಕಾದುದು ಮುಲಾಮಲ್ಲ, ಮನಸ್ಸಿನ ಸಮಾಧಾನ. ಅದಕ್ಕೂ ವೈದ್ಯರಿದ್ದಾರೆ, ಅದೂ ಅವಮಾನವಲ್ಲ.

ಹೆಂಗಸರ ಪಾಡು ಇನ್ನೂ ಕಠಿನ. ಸಾರ್ವಜನಿಕ ಶೌಚಾಲಯದ ಕೊರತೆ, ಮುಟ್ಟಿನ ದಿನಗಳ ತೇವ, ಚಾಳಿನ ಸಾಮೂಹಿಕ ನಲ್ಲಿ, ಇವೆಲ್ಲದರ ನಡುವೆ ‘ಬಿಳಿಸೆರಗು’ ಎಂದು ಅತ್ತೆಗೆ ಹೇಳಲೂ ಆಗದೆ, ಗಂಡನ ಸಂಶಯಕ್ಕೂ ಹೆದರಿ ನವೆಯುವವರು ಎಷ್ಟೋ ಮಂದಿ. ಹೆಂಡತಿಯ ತುರಿಕೆಯನ್ನು ಅವಳ ಶೀಲದ ಪ್ರಶ್ನೆಯಾಗಿಸುವ ಗಂಡ, ಮೊದಲು ತನ್ನ ತೊಡೆಸಂದಿಯನ್ನೊಮ್ಮೆ ವೈದ್ಯರಿಗೆ ತೋರಿಸಿಕೊಳ್ಳುವುದು ನ್ಯಾಯ.

ಮಕ್ಕಳೂ ಓದುವ ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯ ಸಲ್ಲದೆಂದು ಹಿರಿಯರು ಕೆಲವರು ಆಕ್ಷೇಪಿಸಬಹುದು. ಅವರ ಸದಭಿರುಚಿ ಗೌರವಾರ್ಹವೇ. ಆದರೆ ಸಭ್ಯರು ಮೌನವಾಗಿರುವಲ್ಲಿ ಗೋಡೆಯ ಭಿತ್ತಿಪತ್ರ ಮಾತನಾಡುತ್ತದೆ. ಹದಿನೇಳರ ಹುಡುಗ ಕಲಿಯುವುದು ಅದರಿಂದಲೇ. ಯಕ್ಷಗಾನ, ನಾಡಹಬ್ಬಗಳನ್ನು ಇಷ್ಟು ಶ್ರದ್ಧೆಯಿಂದ ನಡೆಸುವ ಸಂಘಗಳಿಗೆ ಇದು ದೊಡ್ಡ ಹೊರೆಯಲ್ಲ. ವಾರ್ಷಿಕ ವೈದ್ಯಕೀಯ ಶಿಬಿರದಲ್ಲಿ ರಕ್ತದೊತ್ತಡದ ಮೇಜಿನ ಪಕ್ಕದಲ್ಲಿ ಪರದೆ ಹಾಕಿದ ಒಂದು ಮೂಲೆ, ಕನ್ನಡ ಬಲ್ಲ ಒಬ್ಬ ಚರ್ಮವೈದ್ಯರು, ಹೆಂಗಸರಿಗಾಗಿ ಒಬ್ಬ ವೈದ್ಯೆ ಇಷ್ಟಿದ್ದರೆ ಸಾಕು. ಹೋಟೆಲು ಮಾಲೀಕರು ಕೆಲಸದವರಿಗೆ ಎರಡು ಜತೆ ಸಮವಸ್ತ್ರ, ತಲೆಗೊಂದು ಟವೆಲು, ಬಟ್ಟೆ ಒಣಗಿಸಲು ಗಾಳಿಯಾಡುವ ಜಾಗ ಒದಗಿಸಿದರೆ ಅದು ದಾನವಲ್ಲ. ಅಡುಗೆಮನೆಯ ಶುಚಿತ್ವದ ಭಾಗವೇ.

ಊರಿನಿಂದ ಮೊದಲ ಬಾರಿಗೆ ರೈಲೇರಿ ಬರುವ ಹುಡುಗನಿಗೆ ಹಿರಿಯರು ಹಣ ಜೋಪಾನ, ಸಹವಾಸ ಜೋಪಾನ ಎಂದು ಬುದ್ಧಿ ಹೇಳುತ್ತಾರೆ. ‘ಎಲ್ಲಿ ತುರಿಸಿದರೂ ನಾಚದೆ ಹೇಳು’ ಎಂಬ ಮಾತನ್ನೂ ಅದರೊಡನೆ ಸೇರಿಸಿದರೆ, ಆ ಹುಡುಗನ ಎಷ್ಟೋ ರಾತ್ರಿಗಳ ನಿದ್ದೆ ಉಳಿದೀತು.