ತೊರೆ ದಾಟಿದ ಜೀಪಿನ ಎಣ್ಣೆ

ಮಲೆನಾಡಿನ, ಕೊಡಗಿನ ತೋಟದ ಮನೆಗಳಲ್ಲಿ ಫೋರ್ ವೀಲ್ ಡ್ರೈವ್ ಜೀಪು ಎತ್ತಿನಂತೆ ದುಡಿಯುತ್ತದೆ. ಅದರ ಎಂಜಿನ್ ಆಯಿಲನ್ನು ಎಲ್ಲರೂ ನೆನಪಿಟ್ಟು ಬದಲಿಸುತ್ತಾರೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್ ಇವುಗಳಲ್ಲಿಯೂ ಎಣ್ಣೆ ಇದೆ ಎಂಬುದು ಅನೇಕರಿಗೆ ನೆನಪಾಗುವುದು ಸದ್ದು ಬಂದ ಮೇಲೆಯೇ!

ವಿದ್ಯಾರ್ಥಿ ಮಿತ್ರರೇ, ಮುಚ್ಚಿದ ಡಿಫರೆನ್ಷಿಯಲ್ ಒಳಗೆ ತೊರೆಯ ನೀರು ಸೇರುವುದು ಹೇಗೆ? ಓಡಿ ಬಂದ ಜೀಪಿನಲ್ಲಿ ಅದರೊಳಗಿನ ಗಾಳಿ 80 ಡಿಗ್ರಿ ಸೆಲ್ಸಿಯಸ್, ಅಂದರೆ 353 ಕೆಲ್ವಿನ್ ಇದೆಯೆನ್ನಿ. ತಣ್ಣೀರಿಗೆ ಇಳಿದು ಅದು 298 ಕೆಲ್ವಿನ್‌ಗೆ ಬಂದರೆ ಒತ್ತಡ ನೂರಕ್ಕೆ ಸುಮಾರು 15ರಷ್ಟು ಕುಸಿಯುತ್ತದೆ. ಗಾಳಿಯಾಡಲೆಂದು ಇಟ್ಟಿರುವ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ, ಸವೆದ ಆಯಿಲ್ ಸೀಲಿನ ಸಂದಿನಿಂದ ನೀರು ಒಳಗೆ ಸೆಳೆಯಲ್ಪಡುತ್ತದೆ. ನೀರು ಬೆರೆತ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ ತಾಳುತ್ತದೆ. ಅಂಥ ಎಣ್ಣೆ ಹಲ್ಲುಗಳನ್ನು ಕಾಯಲಾರದು. ಬೇರಿಂಗ್ ತುಕ್ಕು ಹಿಡಿಯುತ್ತದೆ.

ಬದಲಿಸುವ ಕೆಲಸ ಮನೆಯಲ್ಲಿಯೇ ಆಗಬಹುದು. ಜೀಪನ್ನು ಸ್ವಲ್ಪ ದೂರ ಓಡಿಸಿ ಬನ್ನಿ. ಬೆಚ್ಚಗಾದ ಎಣ್ಣೆಯ ಸ್ನಿಗ್ಧತೆ ಕಡಿಮೆಯಾಗಿ ಕಲ್ಮಷದೊಡನೆ ಬೇಗ ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಜೀಪು ಎತ್ತರವಾಗಿರುವುದರಿಂದ ಜಾಕ್ ಬೇಕಾಗುವುದಿಲ್ಲ. ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ, ಎಂದಿಗೂ ನುಸುಳಬಾರದು. ತಂದೆತಾಯಿಯರು ಈ ಮಾತಿನಲ್ಲಿ ಕಟ್ಟುನಿಟ್ಟಾಗಿರಲಿ.

ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟನ್ನು ಬಿಚ್ಚಿ ನೋಡಿ, ಆಮೇಲೆ ಕೆಳಗಿನದನ್ನು ಬಿಚ್ಚಿ. ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನ ಬೋಲ್ಟು ಕದಲದಿದ್ದರೆ ತುಂಬುವುದು ಎಲ್ಲಿಂದ? ಕೆಳಗಿನ ಬೋಲ್ಟಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ನುಣುಪು ಕಪ್ಪು ಮಡ್ಡಿ ಸಹಜವಾದ ಸವೆತ; ಲೋಹದ ಚೂರುಗಳಿದ್ದರೆ ಮೆಕ್ಯಾನಿಕ್ ನೋಡಲೇಬೇಕು. ಬ್ರೀದರ್ ಸ್ವಚ್ಛಗೊಳಿಸಿ, ಹೊಸ ವಾಷರ್ ಹಾಕಿ ಕೆಳಗಿನ ಬೋಲ್ಟನ್ನು ಬಿಗಿಮಾಡಿ. ಮೇಲಿನ ತೂತಿನ ಅಂಚಿನವರೆಗೆ ಹೊಸ ಎಣ್ಣೆ ತುಂಬಿ, ಅದನ್ನೂ ಮುಚ್ಚಿ.

ಯಾವ ಎಣ್ಣೆ? ವಾಹನದ ಕೈಪಿಡಿ ಹೇಳಿದ್ದೇ. 90 ನಂಬರಿನ ಗೇರ್ ಆಯಿಲ್ 40 ನಂಬರಿನ ಎಂಜಿನ್ ಆಯಿಲಿಗಿಂತ ಎರಡು ಪಟ್ಟು ಮಂದವೆಂದು ತಿಳಿಯಬೇಡಿ. ಇವು ಬೇರೆ ಬೇರೆ ಅಳತೆಗೋಲುಗಳು. 100 ಡಿಗ್ರಿಯಲ್ಲಿ 90ರ ಗೇರ್ ಆಯಿಲ್ ಸುಮಾರಾಗಿ 40 ಅಥವಾ 50ರ ಎಂಜಿನ್ ಆಯಿಲಿನಷ್ಟೇ ಮಂದ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಬಳಸುವ ಜಿಎಲ್-5 ದರ್ಜೆಯಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳು ಹೆಚ್ಚು. ಒಂದರ ಮೇಲೊಂದು ಜಾರುವ ಉಕ್ಕಿನ ಹಲ್ಲಿಗೆ ಅವು ರಕ್ಷೆ. ಕೆಲವು ಹಳೆಯ ಗೇರ್ ಬಾಕ್ಸುಗಳ ಹಿತ್ತಾಳೆ ಉಂಗುರಗಳಿಗೆ ಹಾನಿ.

ಇಳಿಸಿದ ಎಣ್ಣೆಯನ್ನು ಚರಂಡಿಗೋ ತೋಟಕ್ಕೋ ಚೆಲ್ಲದೆ, ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ತೋಟದಲ್ಲಿ ಚೆಲ್ಲಿದ್ದು ಮಳೆ ಬಂದರೆ ಅದೇ ತೊರೆಗೆ ಸೇರುತ್ತದೆ. ಕೆಳಗಿನ ಮನೆಯವರು ಕುಡಿಯುವುದು ಆ ನೀರನ್ನೇ.