ಮುಂಗಾರು ಹಿಂಗಾರುಗಳ ನಡುವೆ

ಹನೂರು ಸೀಮೆಯ ಶಾಗ್ಯದಂತಹ ಊರುಗಳಲ್ಲಿ ಕಾಯುವುದೆಂದರೇನೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆಯನ್ನೇ ನೆಚ್ಚಿದ ಹೊಲ. ಮುಂಗಾರು ಬಂದರೆ ಬಿತ್ತನೆ, ಹಿಂಗಾರು ಕೈಕೊಡದಿದ್ದರೆ ಕಣದಲ್ಲಿ ರಾಗಿ. ನಡುವಿನ ದಿನಗಳಲ್ಲಿ ರೈತನ ಕಣ್ಣೆಲ್ಲ ಆಗಸದ ಮೇಲೆ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಒಕ್ಕಲಿಗೂ, ಇದೇ ಸೀಮೆಯ ಮಾರ್ಟಳ್ಳಿಯಲ್ಲಿ ಭಾನುವಾರ ಚರ್ಚಿಗೆ ಹೋಗುವ ಒಕ್ಕಲಿಗೂ ಈ ನೋಟ ಒಂದೇ.

ಹೊಸ ಒಡಂಬಡಿಕೆಯ ಯಾಕೋಬನ ಪತ್ರದ 5ನೆಯ ಅಧ್ಯಾಯದಲ್ಲಿ, ಪ್ರಭುವಿನ ಬರವನ್ನು ಎದುರು ನೋಡುತ್ತಿದ್ದ ಭಕ್ತರಿಗೆ ತಾಳ್ಮೆಯ ಮಾದರಿಯಾಗಿ ಮೊದಲು ಕಾಣಿಸಿಕೊಳ್ಳುವವನು ಋಷಿಯಲ್ಲ, ಅರಸನಲ್ಲ, ಬೇಸಾಯಗಾರ. ಪ್ಯಾಲೆಸ್ತೀನಿನಲ್ಲಿ ಅಕ್ಟೋಬರ್-ನವೆಂಬರಿನ ಮೊದಲ ಮಳೆ ಬಿರಿದ ನೆಲವನ್ನು ಮೆತ್ತಗೆ ಮಾಡುತ್ತದೆ. ಮಾರ್ಚ್-ಏಪ್ರಿಲಿನ ಕೊನೆಯ ಮಳೆ ತೆನೆಯನ್ನು ತುಂಬುತ್ತದೆ. ಇದನ್ನು ಕನ್ನಡಕ್ಕೆ ತಂದವರು ಪದಕ್ಕಾಗಿ ಪರದಾಡಬೇಕಾಗಲಿಲ್ಲ. ತಿಂಗಳುಗಳು ಬೇರೆಯಾದರೇನು? ಮುಂಗಾರು, ಹಿಂಗಾರು ಎಂಬ ಮಾತುಗಳು ಇಲ್ಲಿ ಸಿದ್ಧವಾಗಿಯೇ ಇದ್ದುವು.

ಆ ಬೇಸಾಯಗಾರನು ಕೈಕಟ್ಟಿ ಕುಳಿತವನೆಂದು ತಿಳಿದವರು ಹೊಲವನ್ನು ಕಂಡವರಲ್ಲ. ಬಿತ್ತಿದ ಮೇಲೆ ಮಳೆ ತಡವಾದರೆ ಕುಂಟೆ ಹೊಡೆದು ನೆಲದ ಹೆಪ್ಪನ್ನು ಒಡೆಯಬೇಕು, ಇದ್ದ ತೇವವನ್ನು ಉಳಿಸಿಕೊಳ್ಳಬೇಕು, ಕಳೆ ಕೀಳಬೇಕು. ತೆನೆ ಕಟ್ಟಿತೆಂದರೆ ಕಾಡಂಚಿನ ಹೊಲಗಳಲ್ಲಿ ಹಂದಿಯ ಭಯ, ಆನೆಯ ಭಯ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಎಚ್ಚರ. ಮಳೆಗಾಗಿ ಕಾಯುವುದಕ್ಕೂ ಬೆಳೆಯನ್ನು ಕಾಯುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ದೇವರು ಕಾಯುತ್ತಾನೆ ಎಂಬಲ್ಲಿಯೂ ಅದೇ ಮಾತು. ಮನೆ ಬಿಟ್ಟು ಹೋದ ಕಿರಿಯ ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆಯ ಕಣ್ಣಿಗೆ ಬಿದ್ದನೆಂದು ಯೇಸು ಹೇಳಿದ ಸಾಮತಿಯಲ್ಲಿದೆ. ದಾರಿಯನ್ನೇ ನೋಡುತ್ತಿದ್ದವನಿಗಲ್ಲದೆ ಅಷ್ಟು ದೂರದ ಆಕೃತಿ ಕಾಣುವುದುಂಟೆ? ಕಾಯುವುದು ಭಕ್ತನೊಬ್ಬನ ಪಾಲಿನ ಕಷ್ಟವಲ್ಲ. ದೇವರೂ ಅದರಲ್ಲಿ ಪಾಲುಗಾರ. ಕ್ರೈಸ್ತನು ತಾಳ್ಮೆಯನ್ನು ಸಾಧನೆಯೆಂದು ಎಣಿಸುವುದರ ಬೇರು ಇಲ್ಲಿದೆ.

ಆದರೆ ತಾಳಿದವನು ಬಾಳಿಯಾನು ಎಂದು ಇನ್ನೊಬ್ಬರಿಗೆ ಹೇಳುವುದು ಬಲು ಸುಲಭ. ಹೊಟ್ಟೆ ತುಂಬಿದವರಿಗಂತೂ ಇನ್ನೂ ಸುಲಭ. ಅಂಥವರು ಆ ಪತ್ರವನ್ನು ನಾಲ್ಕು ಸಾಲು ಹಿಂದಕ್ಕೆ ಓದಬೇಕು. ಕೊಯ್ಲು ಮಾಡಿದ ಆಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡ ಧನಿಕರನ್ನು ಯಾಕೋಬನು ಅಲ್ಲಿ ಕಟುವಾಗಿ ಗದರಿಸಿದ್ದಾನೆ. ಕೊಡದೆ ಉಳಿಸಿಕೊಂಡ ಆ ಕೂಲಿಯೇ ಕೂಗಿಕೊಳ್ಳುತ್ತದೆಂದಿದ್ದಾನೆ. ತಾಳ್ಮೆಯ ಉಪದೇಶ ಬರುವುದು ಅದಾದ ಮೇಲೆ, ಅನ್ಯಾಯಕ್ಕೆ ಸಿಕ್ಕಿದವರಿಗೆ ಧೈರ್ಯ ಹೇಳುವುದಕ್ಕಾಗಿ. ಕೂಲಿ ಕೊಡಬೇಕಾದವನಿಗೆ ಕಾಯಿಸುವ ಅಧಿಕಾರವಿಲ್ಲ. ಬಡವನ ದಿನಗೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ.

ಅದೇ ಅಧ್ಯಾಯದಲ್ಲಿ ಯೋಬನ ಹೆಸರೂ ಬರುತ್ತದೆ. ಯೋಬನೆಂದರೆ ಬಾಯಿ ಮುಚ್ಚಿಕೊಂಡು ಸಹಿಸಿದವನೆಂಬ ಭಾವನೆ ಎಲ್ಲೆಡೆ ಹರಡಿದೆ. ಅವನ ಗ್ರಂಥದ 42 ಅಧ್ಯಾಯಗಳನ್ನು ಓದಿದವರು ಹಾಗೆನ್ನಲಾರರು. ಅವನು ತಾನು ಹುಟ್ಟಿದ ದಿನವನ್ನೇ ಶಪಿಸಿದನು; ಸಮಾಧಾನ ಹೇಳಬಂದ ಗೆಳೆಯರೊಡನೆ ಜಗಳವಾಡಿದನು; ದೇವರನ್ನೇ ನ್ಯಾಯಕ್ಕೆ ಕರೆದನು. ಕೊನೆಯಲ್ಲಿ ದೇವರ ಮೆಚ್ಚುಗೆ ಸಂದುದು ಉಪದೇಶ ಮಾಡಿದ ಗೆಳೆಯರಿಗಲ್ಲ, ಈ ಜಗಳಗಂಟನಿಗೆ. ಯೋಬನ ತಾಳ್ಮೆಗೆ ಯಾಕೋಬನು ಬಳಸಿದ ಗ್ರೀಕ್ ಪದದಲ್ಲಿ, ಹೊರೆಯ ಕೆಳಗೆ ಕದಲದೆ ನಿಂತಿರುವುದೆಂಬ ಅರ್ಥವಿದೆ. ಹೊರೆ ಹೊತ್ತವನು ನರಳಬಾರದೆಂದು ಆ ಪದ ಹೇಳುವುದಿಲ್ಲ.

ರಾಗಿ ಕೊಯ್ಲಿಗೆ ಬರುವ ಹೊತ್ತಿಗೇ ಕ್ರೈಸ್ತ ಪಂಚಾಂಗದಲ್ಲಿ ಆಗಮನ ಕಾಲವೂ ಬರುತ್ತದೆ. ನವೆಂಬರ್ 30ಕ್ಕೆ ಹತ್ತಿರವಾದ ಭಾನುವಾರ ಮೊದಲಾಗಿ, ಕ್ರಿಸ್‌ಮಸ್ಸಿಗೆ ಮುಂಚಿನ 4 ಭಾನುವಾರಗಳು. ಗುರುಗಳ ಉಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ; ಪೂಜೆಯಲ್ಲಿ ಮಹಿಮಾಗೀತೆ ನಿಲ್ಲುತ್ತದೆ. ಕಣ ತುಂಬಿದ ವರ್ಷದಲ್ಲಿ ಈ ನಾಲ್ಕು ವಾರಗಳು ಹಬ್ಬದ ಸಿದ್ಧತೆಯಲ್ಲೇ ಸರಿದುಹೋಗುವುದು ಸಹಜ. ಹಿಂಗಾರು ಕೈಕೊಟ್ಟ ವರ್ಷದಲ್ಲಿಯೂ ಅವೇ ನಾಲ್ಕು ವಾರಗಳು ಬರುತ್ತವೆ. ಆಗ ಹೊಸ ಬಟ್ಟೆಯ ಮಾತಿಲ್ಲ. ಸಾಲದವನ ಮುಖವನ್ನು ನೋಡಲೂ ಅಂಜಿಕೆ. ಆದರೂ ಮನೆಯ ಮೂಲೆಯಲ್ಲಿ ಒಂದು ಮಡಕೆಗೆ ಯಾರೂ ಕೈಹಾಕುವುದಿಲ್ಲ. ಅದರಲ್ಲಿರುವುದು ಬರುವ ಮುಂಗಾರಿಗೆಂದು ತೆಗೆದಿಟ್ಟ ಬಿತ್ತನೆಯ ರಾಗಿ.